ಭೂತ ಬಿಟ್ಟ ಗುಡ್ಡಪ್ಪ ಮಾಸ್ತರ

ನಮ್ಮ ಹುಬ್ಬಳ್ಳಿ ಪೇಟೆ ಎರಡು ಸಲ ಲೂಟಿಯಾಗಿದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಮೊದಲನೆಯದನ್ನು ಮರಾಠ ದಂಡು ಮಾಡಿತು, ಅದು ಪುಸ್ತಕದಲ್ಲಿದೆ. ಎರಡನೆಯದನ್ನು ಸಾವಿರದ ಒಂಬೈನೂರ ಮೂವತ್ನಾಲ್ಕನೆಯ ಇಸವಿಯಲ್ಲಿ ನಮ್ಮ ಶಾಲೆಯ ಗುಡ್ಡಪ್ಪ ಮಾಸ್ತರರು ಒಂದು ತುಂಡು ಸೀಮೆಸುಣ್ಣದಿಂದ ಮಾಡಿದರು. ಅದು ಯಾವ ಪುಸ್ತಕದಲ್ಲೂ ಇಲ್ಲ. ಆದ್ದರಿಂದ ನಾನು ಬರೆಯಬೇಕಾಗಿದೆ. ನಾನು ಸೋಮಪ್ಪ, ಅದೇ ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸುವವನು. ವಿಭಕ್ತಿ ತಪ್ಪಿತೆಂದು ಸ್ವಂತ ಅಣ್ಣನ ಪತ್ರವನ್ನೇ ತಿದ್ದಿ ತಿರುಗಿ ಕಳಿಸಿದವನು. ನನ್ನ ಮಾತನ್ನು ನಂಬಬಹುದು.

ಗುಡ್ಡಪ್ಪ ಮಾಸ್ತರರು ಏಳನೆಯ ಇಯತ್ತೆಗೆ ಇತಿಹಾಸ ಕಲಿಸುತ್ತಿದ್ದರು. ಅವರ ತಾಸು ದಿನದ ಕೊನೆಗೆ, ಮಧ್ಯಾಹ್ನ ಮೂರರಿಂದ ನಾಲ್ಕು. ಮೂರಕ್ಕೆ ನಲವತ್ತೊಂದು ಹುಡುಗರು ಒಳಗೆ ಬರುತ್ತಿದ್ದರು. ಬಾಬರ ಪಾಣಿಪತಕ್ಕೆ ಮುಟ್ಟುವ ಹೊತ್ತಿಗೆ ಇಪ್ಪತ್ತು ಜನ ಕಿಟಕಿ ಹಾರಿ ಗರಡಿಮನೆ ಮುಟ್ಟಿರುತ್ತಿದ್ದರು. ಉಳಿದವರು ನಿದ್ದೆ ಹೋಗಿರುತ್ತಿದ್ದರು. ಮಾಸ್ತರರು ಮಾತ್ರ ಎದೆಗುಂದಿದವರಲ್ಲ. "ಕಣ್ಣು ಮುಚ್ಚಿದ್ರ ಏನಾತು, ಕಿವಿಗೆ ರೆಪ್ಪಿ ಇಲ್ಲಲ್ಲ" ಎನ್ನುತ್ತಿದ್ದರು.

ಒಂದು ಶನಿವಾರ ಹೆಡ್‌ಮಾಸ್ತರ ಬಾಳಕೃಷ್ಣಪಂತರು ಅವರನ್ನು ಕರೆದು ಹೇಳಿದರು: "ಗುಡ್ಡಪ್ಪನವರ, ಬರೋ ಶುಕ್ರವಾರ ಡೆಪ್ಯುಟಿ ಸಾಹೇಬ್ರು ಸಾಲಿ ತಪಾಸಣಿಗೆ ಬರ್ಲಿಕ್ಕತ್ತಾರ. ಸರಿಯಾಗಿ ನಿಮ್ಮ ತಾಸಿಗೇ ಬರ್ತಾರಂತ. ವರ್ಗದಾಗ ಹುಡುಗರು ಕಾಣಲಿಲ್ಲಂದ್ರ ನಿಮ್ಮ ತಾಸು ಚಿತ್ರಕಲಾ ಮಾಸ್ತರಿಗೆ, ನೀವು ಕಲಘಟಗಿ ಆಚೆ ಕಾಡಿನ ಸಾಲಿಗೆ. ಹುಕುಂ ತಯಾರದ. ಸಹಿ ಅಷ್ಟ ಬಾಕಿ."

"ಅಲ್ಲಿ ಹುಡುಗರು ಎಷ್ಟು ಅದಾರ್ರಿ?"

"ನಾಲ್ಕು. ಅದರಾಗ ಮೂರು ದನಾ ಕಾಯ್ಲಿಕ್ಕೆ ಹೋಗ್ತಾವ."

ಮಾಸ್ತರರ ಮುಖ ಅಂದು ಮೊದಲ ಸಲ ಬಾಡಿದ್ದನ್ನು ನಾನು ಕಂಡೆ. ಕಾಡಿಗೆ ಹೆದರಿದವರಲ್ಲ ಅವರು. ಒಬ್ಬನೇ ಹುಡುಗನ ಮುಂದೆ ಇಡೀ ವಿಜಯನಗರವನ್ನು ಹೇಗೆ ಕಟ್ಟುವುದು ಎಂಬ ಚಿಂತೆ ಅವರದು. ನನಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದಾಗ ಸುಮ್ಮನಿರಬೇಕು. ನಾನು ಬುದ್ಧಿ ಹೇಳಿದೆ.

"ಮಾಸ್ತರ, ನಿಮ್ಮ ಇತಿಹಾಸಕ್ಕ ಭೂತ ಹಿಡದೈತ್ರಿ. ಬರೇ ಇದ್ದನು, ಗೆದ್ದನು, ಸತ್ತನು. ಎಲ್ಲಾ ಭೂತಕಾಲ. ಸತ್ತವರ ಮನ್ಯಾಗ ಹುಡುಗರು ಎಷ್ಟೊತ್ತು ಕುಂಡರ್ತಾವ? ವರ್ತಮಾನಕಾಲದಾಗ ಹೇಳಿ ನೋಡ್ರಿ."

ನಾನು ಚಾಷ್ಟಿಗೆ, ಬರೀ ನಗೆಗೆಂದು, ಅಂದದ್ದು. ಮಾಸ್ತರರು ಅರ್ಧ ಕಪ್ಪು ಚಹಾ ಬಿಟ್ಟು ಎದ್ದು ಹೋದರು.

ಸೋಮವಾರ ಮೂರು ಗಂಟೆಗೆ ಅವರು ವರ್ಗದ ನಡುವೆ ನಿಂತು ಪಂದ್ಯ ಕಟ್ಟಿದರು. "ಕೇಳ್ರಲೇ! ಇವತ್ತಿನಿಂದ ನಾ ಭೂತಕಾಲ ಬಿಡ್ತೇನಿ. ಶುಕ್ರವಾರ ನಾಕರ ಗಂಟಿ ಹೊಡಿಯೂತನಕ ನನ್ನ ಬಾಯಾಗ ಒಂದ ಒಂದು ಭೂತಕಾಲದ ಕ್ರಿಯಾಪದ ಬಂತಂದ್ರ, ಎಲ್ಲೇ ಬರಲಿ, ಯಾರ ಮುಂದ ಬರಲಿ, ಅಲ್ಲಿಂದ ಇತಿಹಾಸದ ತಾಸು ಸೂಟಿ. ಬರಲಿಲ್ಲಂದ್ರ ನಲವತ್ತೊಂದು ಮಂದೀನೂ ಗಂಟಿ ಹೊಡಿಯೂತನಕ ಕುಂಡರಬೇಕು. ಕಬೂಲ?"

"ಕಬೂಲ್ರಿ!" ಎಂದು ಹುಡುಗರು ಕೂಗಿದ್ದಕ್ಕೆ ಹೆಂಚಿನ ಮೇಲಿನ ಪಾರಿವಾಳ ಹಾರಿದವು. ಮಾಸ್ತರರ ಬಾಯಿ ಐದು ದಿನ ತಡೆದೀತೆಂದು ಯಾರೂ ನಂಬಿರಲಿಲ್ಲ, ನಾನಂತೂ ಮೊದಲೇ ನಂಬಿರಲಿಲ್ಲ.

ಅಂದಿನಿಂದ ಹುಡುಗರು ಅವರ ಬೆನ್ನು ಬಿಡಲಿಲ್ಲ. ಮಾಸ್ತರರು ಸಂತೆಗೆ ಹೋದರೆ ಬದನೆಕಾಯಿ ರಾಶಿಯ ಹಿಂದೆ ಇಬ್ಬರು, ಕ್ಷೌರಕ್ಕೆ ಕೂತರೆ ಬಾಗಿಲಲ್ಲಿ ಮೂವರು. "ಮಾಸ್ತರ್ರ, ನಿನ್ನೆ ಎಲ್ಲಿ ಇದ್ರಿ?" ಎಂದು ಒಬ್ಬ ಗಾಳ ಹಾಕಿದರೆ, "ನಿನ್ನೆ ನಾ ಮನ್ಯಾಗ ಇರ್ತೇನಿ" ಎಂದು ಇವರು ತಣ್ಣಗೆ ಉತ್ತರಿಸುವರು. ಕೇಳುತ್ತಿದ್ದ ನನ್ನ ಹಲ್ಲು ಚಳಿ ಹತ್ತಿದಂತೆ ಕಟಕಟ ಎನ್ನುತ್ತಿದ್ದವು. ಆದರೆ ವರ್ಗದಲ್ಲಿ ನಡೆದದ್ದನ್ನು ನಾನು ಮುಚ್ಚಿಡಲಾರೆ.

"ಈಗ ತುಘಲಕ ದಿಲ್ಲಿ ಬಿಟ್ಟು ದೌಲತಾಬಾದಕ್ಕ ಹೊಂಟಾನ. ಮುದುಕರು ಅಳಾಕತ್ತಾರ. ಒಂದು ಬೆಕ್ಕು ಸುದ್ಧಾ ಹಿಂದ ಉಳಿಯೂಹಂಗಿಲ್ಲ. ಬಂಡಿ ಹೂಡ್ರಲೇ!" ಎಂದು ಮಾಸ್ತರರು ಕೂಗಿದರೆ, ಕಿಟಕಿಯಿಂದ ಒಂದು ಕಾಲು ಹೊರಗೆ ಹಾಕಿದ್ದ ಹುಡುಗ ಇನ್ನೊಂದು ಕಾಲನ್ನು ಒಳಗೇ ಇಟ್ಟುಕೊಂಡು ನಿಂತುಬಿಟ್ಟ. ಬುಧವಾರದ ಹೊತ್ತಿಗೆ ಹಾಜರಿ ಇಪ್ಪತ್ತೊಂಬತ್ತು.

ಮನೆಯಲ್ಲಿ ಮಾತ್ರ ವ್ಯಾಕರಣ ಕಷ್ಟ ಕೊಟ್ಟಿತು. ಕೇಶ್ವಾಪುರದ ಮನೆಯಲ್ಲಿ ಹೆಂಡತಿ ರೇಣವ್ವ ಒಲೆಯ ಮುಂದಿನಿಂದ "ಊಟ ಆತೇನ್ರಿ?" ಎಂದು ಕೇಳಿದಳು. ಗೋಡೆಯ ಮೇಲೆ ಎರಡು ತಲೆ ಕಂಡವು. "ಉಣ್ಣಾಕತ್ತೇನಿ" ಎಂದರು ಮಾಸ್ತರರು. ಮತ್ತೊಂದು ರೊಟ್ಟಿ ಬಂತು. ಮತ್ತೆ ಕೇಳಿದಳು, ಮತ್ತೆ ಅದೇ ಉತ್ತರ, ಮತ್ತೊಂದು ರೊಟ್ಟಿ. ಏಳನೆಯ ರೊಟ್ಟಿಗೆ ರೇಣವ್ವ ಎದುರಿಗೆ ಬಂದು ನಿಂತಳು.

"ಏನಾಗೇತ್ರಿ ನಿಮಗ?"

"ಏನಿಲ್ಲ. ಭೂತ ಬಿಡಾಕತ್ತೇನಿ."

"ಅಯ್ಯ ನಮ್ಮವ್ವ! ಹಿಡದದ್ದು ಯಾವಾಗ್ರಿ?"

ಮರುದಿನ ಬೆಳಿಗ್ಗೆಯೇ ಅಮ್ಮಿನಬಾವಿಯ ತವರಿಗೆ, ತಾಯಿ ಬೀರವ್ವನಿಗೆ ಸುದ್ದಿ ಹೋಯಿತು: ಅಳಿಯನಿಗೆ ಭೂತ ಹಿಡಿದಿದೆ, ತಾನಾಗೇ ಬಿಡುವ ಹಾಗೂ ಕಾಣುತ್ತದೆ, ಆದರೆ ಏಳು ರೊಟ್ಟಿ ತಿನ್ನುತ್ತದೆ.

ಆ ಗುರುವಾರ ಮಾಸ್ತರರಿಗೆ ಇಪ್ಪತ್ತೊಂಬತ್ತು ಸಾಲದೆನಿಸಿತು. ದುರ್ಗದ ಬೈಲಿನಲ್ಲಿ ಮಕಬೂಲಸಾಬನ ಟಾಂಗಾ ಹೋಗುತ್ತಿತ್ತು. ಎರಡೂ ಬದಿಗೆ ನಾಟಕದ ಫಲಕ, ಮುಂದೆ ಬಾರಿಸುವ ಹಲಗೆ, ನಡುವೆ ನಿಂತು ಮಕಬೂಲಸಾಬ "ನಾಳೆ! ನಾಳೆ!" ಎಂದು ಒದರುತ್ತಿದ್ದ. ಅರ್ಧ ಊರು ಅದರ ಹಿಂದೆ. ಮಾಸ್ತರರು ನಿಂತು ನೋಡಿ, ನೆಟ್ಟಗೆ ಶಾಲೆಗೆ ಬಂದು, ಒಂದು ಕರಿಹಲಗೆಯನ್ನು ರಸ್ತೆಯ ಕಡೆಗಿನ ಕಂಬಕ್ಕೆ ತೂಗುಹಾಕಿ ಬರೆದರು:

ನಾಳೆ! ನಾಳೆ! ನಾಳೆ!
ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ
ಹುಬ್ಬಳ್ಳಿ ಪೇಟೆಯ ಲೂಟಿ
ಜವಳಿ ವಖಾರಗಳಿಂದ ಆರಂಭ
ಎಲ್ಲರೂ ತಪ್ಪದೆ ಹಾಜರಿರಬೇಕು
— ಗುಡ್ಡಪ್ಪ ಮಾಸ್ತರ

ಮರುದಿನದ ಪಾಠ ಅದು. ಹಳೆಯ ಕಾಲದಲ್ಲಿ ಮರಾಠ ದಂಡು ಬಂದು ನಮ್ಮ ಪೇಟೆಯನ್ನು ದೋಚಿದ ಪಾಠ. ಆದರೆ ಆ ವಿಷಯವನ್ನು ಹಲಗೆ ಹೇಳಲಿಲ್ಲ, ಏಕೆಂದರೆ ಹಲಗೆಗೂ ಭೂತಕಾಲ ನಿಷಿದ್ಧವಾಗಿತ್ತು. ಇದನ್ನೇ ಒಂದಿಷ್ಟು ಸಾರಿಬಿಡು ಎಂದು ಅವರು ಮಕಬೂಲಸಾಬನಿಗೂ ಹೇಳಿದರು. ಮಕಬೂಲಸಾಬನಿಗೆ ಓದು ಬರದು, ಆದರೆ ದನಿ ಮತ್ತು ಧಾರಾಳತನ ಎರಡೂ ಇದ್ದವು. ನಾಟಕಕ್ಕೆ ಸಾರುವ ರೂಢಿಯಲ್ಲಿಯೇ ಸಾರಿದ:

"ನಾಳೆ ಮೂರು ಗಂಟೆಕ್ಕ ಗುಡ್ಡಪ್ಪ ಮಾಸ್ತರ್ದು ಹುಬ್ಬಳ್ಳಿ ಪ್ಯಾಟಿ ಲೂಟಿ! ಸಾಲಿಗೆ ಬರ್ರಿ, ಕೂಡ್ರಿ, ನೋಡ್ರಿ! ಹೆಂಗಸರಿಗೆ ಬ್ಯಾರೆ ವ್ಯವಸ್ಥಾ ಐತಿ!"

ಜವಳಿ ಸಾಲಿನಲ್ಲಿ ಅಲ್ಲಾಸಾಬ ಎಂಬ ಹಿರಿಯ ಅರಿವೆ ವ್ಯಾಪಾರಿ ಒಂದು ಥಾನು ಬಿಚ್ಚಿ ಕತ್ತರಿ ಹಿಡಿದಿದ್ದ. ಕೇಳಿದವನೇ ಕತ್ತರಿಯನ್ನು ಸೊಟ್ಟ ಎಳೆದುಬಿಟ್ಟ. ಎದುರಿಗೆ ಮಗಳ ಮದುವೆಯ ಅರಿವೆಗೆ ಬಂದಿದ್ದ ಕರೀಮಾಬಿ ಕೇಳಿದಳು:

"ಅಲ್ರಿ ಅಲ್ಲಾಸಾಬ ಕಾಕಾ, ಹೆಂಗಸರಿಗೆ ಬ್ಯಾರೆ ವ್ಯವಸ್ಥಾ ಅಂದ್ರ ಏನು? ನಮ್ಮನ್ನ ಬ್ಯಾರೆ ಲೂಟಿ ಮಾಡ್ತಾರೋ, ಇಲ್ಲಾ ನಾವು ಬ್ಯಾರೆ ನಿಂತು ಲೂಟಿ ಮಾಡಬೇಕೋ?"

"ಯಾ ಅಲ್ಲಾ! ಹೊತ್ತು ಗೊತ್ತು ಹೇಳಿ ಲೂಟಿ ಮಾಡಾವರನ್ನ ಈ ವಯಸ್ಸಿನ್ಯಾಗ ಈಗ ನೋಡಾಕತ್ತೇನಿ!"

"ಮಾಸ್ತರರು ಅಂತ. ಕಲತವರು. ಅದಕ್ಕ ಹೊತ್ತಿಗೆ ಸರಿಯಾಗಿ ಮಾಡ್ತಾರ."

ಮುಂದಿನ ಅಂಗಡಿಯ ಗೌಸಮೊದ್ದೀನ ಓಡಿಹೋಗಿ ಹಲಗೆ ಓದಿ ಬಂದು, ಕೆಳಗೆ ಸಹಿ ಕೂಡ ಇದೆ ಎಂದ. ಸಹಿ ಇದೆ ಎಂದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಹೊತ್ತು ಮುಳುಗುವ ಮೊದಲೇ ಇಪ್ಪತ್ತಾರು ಅಂಗಡಿಗಳ ಮಾಲು ಬಂಡಿಗಳ ಮೇಲೆ ಮನೆಗೆ ಸಾಗಿತು. ಖಾಲಿ ಅಂಗಡಿಗಳ ಬಾಗಿಲು ಹಾಕುವ ಶ್ರಮವನ್ನೂ ಕೆಲವರು ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಪೊಲೀಸ ಫೌಜದಾರ ಸಾಹೇಬರು ಶಾಲೆಗೆ ಬಂದರು. ಹೆಡ್‌ಮಾಸ್ತರರ ಖೋಲಿಯಲ್ಲಿ ಗುಡ್ಡಪ್ಪ ಮಾಸ್ತರರನ್ನು ನಿಲ್ಲಿಸಿದರು. ನಾನೂ ಅವರ ಪಕ್ಕಕ್ಕೆ ಹೋಗಿ ನಿಂತೆ. ಬಾಳಕೃಷ್ಣಪಂತರು ನೀರು ಕುಡಿಯುತ್ತಿದ್ದರು. ಆ ವಿಚಾರಣೆ ಮುಗಿಯುವ ತನಕ ಅವರು ಮೂರು ತಂಬಿಗೆ ಕುಡಿದರು. ಕಿಟಕಿಯ ಹೊರಗೆ ಏಳನೆಯ ಇಯತ್ತೆಯ ಹುಡುಗರು ಉಸಿರು ಬಿಗಿಹಿಡಿದು ಕಿವಿ ಚಾಚಿದ್ದರು. ಅವರಿಗೆ ಫೌಜದಾರರ ಗೊಡವೆ ಇರಲಿಲ್ಲ, ಒಂದು ಭೂತಕಾಲ ಸಾಕಿತ್ತು.

"ಈ ಹಲಗಿ ಬರದಾವರು ಯಾರು?"

"ಅಕ್ಷರ ನನ್ನವರಿ."

"ಇವತ್ತ ಮೂರಕ್ಕ ಪ್ಯಾಟಿ ಲೂಟಿ?"

"ಹೌದ್ರಿ. ನೀವೂ ಬರ್ರಿ."

ಫೌಜದಾರರ ಮೀಸೆ ಒಂದು ಬದಿಗೆ ಎದ್ದಿತು. "ಮಾಡಾವರು ಯಾರು?"

"ಮರಾಠ ದಂಡರಿ."

"ಎಷ್ಟ ಮಂದಿ?"

"ಕುದುರಿ ಸಾವಿರಾರು. ಖರೇ ಲೆಕ್ಕ ಯಾರಿಗೂ ಗೊತ್ತಿಲ್ರಿ."

"ಮೊದಲ ಎಲ್ಲಿ ನುಗ್ತಾರ?"

"ಜವಳಿ ವಖಾರ. ಇಂಗ್ಲಿಷರ ವಖಾರಾನೂ ಬಿಡೂದಿಲ್ರಿ."

ಫೌಜದಾರರ ಪೆನ್ಸಿಲು ಮುರಿಯಿತು. "ಇಂಗ್ಲಿಷರದೂ? ಅವರೇನು ಸುಮ್ಮನ ಇರ್ತಾರ?"

"ಅವರೇನು ಮಾಡ್ತಾರ್ರಿ, ಪಾಪ. ಅರ್ಜಿ ಬರೀತಾರ. ವರ್ಷಗಟ್ಟಲೆ ಬರೀತಾರ. ಏನೂ ಹುಟ್ಟೂದಿಲ್ಲ."

"ಇಷ್ಟೆಲ್ಲಾ ನಿಮಗ ಹೆಂಗ ಗೊತ್ತು?"

"ಸರಕಾರಾನ ಅಚ್ಚು ಹಾಕಸ್ತೈತ್ರಿ. ನಮ್ಮ ಸಾಲಿಗೆ ಒಂದು ಪ್ರತಿ ಬರ್ತೈತಿ."

ಫೌಜದಾರರ ಕಣ್ಣಲ್ಲಿ ನೀರೇ ಬಂತೆಂದು ನನಗೆ ಅನ್ನಿಸಿತು. "ಸರಕಾರಕ್ಕ ಗೊತ್ತೈತಿ, ಮಾಸ್ತರಿಗೆ ಗೊತ್ತೈತಿ, ನನಗೊಬ್ಬಗ ತಿಳಸವಲ್ರು!"

ನಾನು ಮಾಸ್ತರರ ಕಿವಿಯಲ್ಲಿ ಹೇಳಿದೆ: "ಮಾಸ್ತರ, ಒಂದ ಒಂದು 'ಆಗಿತ್ತು' ಅನ್ರಿ, ಉಳಕೋತೀರಿ."

ಅವರು ಕಿಟಕಿ ಕಡೆ ಕಣ್ಣು ಹೊರಳಿಸಿ ಪಿಸುಗುಟ್ಟಿದರು: "ಅಂದ್ರ ಮೂರಕ್ಕ ಬಾಕು ಖಾಲಿ. ಡೆಪ್ಯುಟಿ ಸಾಹೇಬರು ಗೋಡಿ ನೋಡಿ ಸಹಿ ಹಾಕ್ತಾರ. ಜೇಲಿನ್ಯಾಗ ಕೇಳಾವರರೆ ಇರ್ತಾರ, ಕಾಡಿನ್ಯಾಗ ಅವರೂ ಇಲ್ಲ."

ಇಂಥ ಮನುಷ್ಯನನ್ನು ಉಳಿಸುವುದು ನನ್ನ ಧರ್ಮವೆನಿಸಿತು. ಪಂದ್ಯ ಅವರದು, ನನ್ನದಲ್ಲ. ನನ್ನ ಬಾಯಲ್ಲಿ ಭೂತಕಾಲಕ್ಕೆ ಏನೂ ಅಡ್ಡಿ ಇರಲಿಲ್ಲ. ಮುಂದೆ ಬಂದು ಸ್ಪಷ್ಟ ಉಚ್ಚಾರದಲ್ಲಿ ಹೇಳಿದೆ: "ಸಾಹೇಬ್ರ, ಆ ಲೂಟಿ ಆಗಿ ಹೋಗೇತ್ರಿ!"

"ಆಗಿ ಹೋಗೇತಿ?" ಫೌಜದಾರರು ಎದ್ದ ಭರಕ್ಕೆ ಕುರ್ಚಿ ಬಿತ್ತು. "ನಾ ಇಲ್ಲಿ ಮಾತಾಡಕೋತ ಕೂತಾಗ ಅಲ್ಲಿ ಆಗಿ ಹೋತು?"

ಮುಂದಿನ ವಾಕ್ಯ ನನ್ನ ನಾಲಗೆಯ ತುದಿಯಲ್ಲಿತ್ತು. ಅದು ಹೊರಬರುವುದರೊಳಗೆ ಅವರು ಜವಳಿ ಸಾಲಿನಲ್ಲಿದ್ದರು. ಅಲ್ಲಿ ಏನು ಕಂಡರು? ಇಪ್ಪತ್ತಾರು ಅಂಗಡಿ, ಬರಿದೋ ಬರಿದು. ಒಂದು ಗೇಣು ಅರಿವೆ ಇಲ್ಲ. ಫೌಜದಾರರು ಸೀಟಿ ಊದಿದರು. ಆ ಸೀಟಿಗೆ, ಲೂಟಿ ಆಯಿತಂತೆ ಎಂಬ ಸುದ್ದಿ ರೈಲ್ವೆ ಸ್ಟೇಷನ್ನಿನ ತನಕ ಓಡಿತು. ನಾನು ವ್ಯಾಕರಣದಿಂದ ಮಾಡಿದ ಅನಾಹುತ ಅದೊಂದೇ. ಅದಕ್ಕೆ ನನಗೆ ಇಂದಿಗೂ ನಾಚಿಕೆ ಇದೆ.

ಮೂರು ಗಂಟೆಗೆ ಏಳನೆಯ ಇಯತ್ತೆಯ ಖೋಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಂದ್ಯ ಇನ್ನೂ ಮುರಿದಿರಲಿಲ್ಲವಾದ್ದರಿಂದ ನಲವತ್ತೊಂದು ಹುಡುಗರೂ ಹಾಜರು. ಅವರ ಹಿಂದೆ, ಮಾಲು ಮನೆಯಲ್ಲಿ ಭದ್ರವಿದೆ ಎಂದು ಫೌಜದಾರರಿಗೆ ತಿಳಿಸಿ, ಲೂಟಿಗಾರರನ್ನು ತಡೆಯಲು ಕೋಲು ಹಿಡಿದು ಬಂದ ಇಪ್ಪತ್ತಾರು ವರ್ತಕರು. ನಡುವೆ ಅಲ್ಲಾಸಾಬ, ಒಂದು ರೇಶಿಮೆ ಥಾನನ್ನು ಮೊಮ್ಮಗನಂತೆ ತೊಡೆಯ ಮೇಲೆ ಕೂರಿಸಿಕೊಂಡು. ಬಾಗಿಲ ಮರೆಯಲ್ಲಿ ಫೌಜದಾರರು, ಆರು ಪೊಲೀಸರು. ಲೂಟಿಗಾರರೆಲ್ಲ ಕೂಡುವುದು ಇಲ್ಲೇ, ಕೂಡಿದ ಮೇಲೆ ಮುಖಂಡನ ಸಮೇತ ಹಿಡಿಯಬೇಕು ಎಂಬುದು ಅವರ ಹಂಚಿಕೆ. ಮೊದಲ ಬಾಕಿನಲ್ಲಿ ಮಾಸ್ತರರ ಅತ್ತೆ ಬೀರವ್ವ. ಒಂದು ಕೈಯಲ್ಲಿ ಭೂತಕ್ಕೆಂದು ತಂದ ಲಿಂಬೆಹಣ್ಣು, ಇನ್ನೊಂದರಲ್ಲಿ ಖಾಲಿ ಗೋಣಿಚೀಲ.

"ಚೀಲ ಯಾಕವ್ವಾ?" ಎಂದು ನಾನು ಕೇಳಿದೆ.

"ಊರ ತುಂಬ ಅಳಿಯಂದ ಹೆಸರು ಹೇಳಾಕತ್ತಾರ. ಅಳಿಯಾನ ಲೂಟಿ ಮಾಡಸ್ತಾನಂದ್ರ ಅತ್ತಿಗೆ ಒಂದು ಇಳಕಲ್ಲ ಸೀರಿ ಸಿಗೂದಿಲ್ಲೇನು?"

ಅಷ್ಟರಲ್ಲಿ ಡೆಪ್ಯುಟಿ ಸಾಹೇಬರು ಬಂದರು. ಬಂದದ್ದು ಮಕಬೂಲಸಾಬನ ಟಾಂಗಾದಲ್ಲಿ. ಸ್ಟೇಷನ್ನಿನಿಂದ ದಾರಿಯುದ್ದಕ್ಕೂ ಅವನು "ಇವತ್ತ ಮೂರಕ್ಕ!" ಎಂದು ಒದರಿದ್ದರಿಂದ ಸಾಹೇಬರು ಟ್ರಂಕನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದರು. ಖೋಲಿ ನೋಡಿ ಅವರು ಬಾಳಕೃಷ್ಣಪಂತರ ಕಡೆ ತಿರುಗಿದರು. ಪಂತರು ನಾಲ್ಕನೆಯ ತಂಬಿಗೆಗೆ ಕೈ ಹಾಕಿದರು. ಗುಡ್ಡಪ್ಪ ಮಾಸ್ತರರು ಮಾತ್ರ ಇಷ್ಟೆಲ್ಲ ಮಂದಿ ಬರುವುದು ತಮ್ಮ ಪಾಠಕ್ಕೆ ಸಹಜವೇ ಎಂಬಂತೆ ಕೈ ಮುಗಿದು ಶುರು ಮಾಡಿದರು.

"ಈಗ ಪ್ಯಾಟಿ ತುಂಬಿ ತುಳಕಾಕತ್ತೈತಿ. ಅರಿವಿ ಗಂಟು ಆಳೆತ್ತರ. ಧಾರವಾಡದ ದಾರಿ ಕಡೆ ನೋಡ್ರಿ. ಧೂಳು ಕಾಣಸ್ತೈತಿಲ್ಲೋ?"

ಎಪ್ಪತ್ತು ತಲೆ ಕಿಟಕಿಯ ಕಡೆ ಹೊರಳಿದವು. ಅಂದು ಒಂದು ಕುರಿಹಿಂಡು ಆ ದಾರಿಯಲ್ಲಿ ಬರುತ್ತಿದ್ದದ್ದು ದೈವಲೀಲೆ. ಧೂಳು ಖರೆಯೇ ಕಂಡಿತು. ಒಬ್ಬ ಪೊಲೀಸ ಓಡಿಹೋಗಿ ಕಿಟಕಿ ಮುಚ್ಚಿದ.

"ಕುದುರಿ ಸಪ್ಪಳ! ಅಗಸಿ ಬಾಗಲಾ ಹಾಕಾವರು ಯಾರು?"

"ನಾ ಹಾಕ್ತೇನ್ರಿ!" ಅಲ್ಲಾಸಾಬ ಥಾನು ಸಮೇತ ಎದ್ದು ನಿಂತ. ಹುಡುಗರೂ ಎದ್ದರು. ಬಾಗಿಲಿಗೆ ಬೆನ್ನು ಕೊಟ್ಟು ಹದಿನೈದು ಜನ ನಿಂತರು, ಬಾಗಿಲ ಹಿಂದೆ ಫೌಜದಾರರು ಅಪ್ಪಚ್ಚಿಯಾದರು.

"ಬಾಗಲಾ ಮುರೀತೈತಿ. ವಖಾರಕ್ಕ ನುಗ್ತಾರ. ಗಂಟು ಬಿಚ್ಚಾಕತ್ತಾರ. ಇಡೀ ವರ್ಷ ನೇಯುವ ನೇಕಾರನ ಮಗ್ಗದ ಮುಂದ ಒಂದು ಎಳಿ ನೂಲು ಉಳಿಯೂದಿಲ್ಲ. ಅವನ ಹೇಂತಿ ಬಾಗಲದಾಗ ನಿಂತು ನೋಡಾಕತ್ತಾಳ."

ಅಲ್ಲಾಸಾಬನ ಕಣ್ಣಿಂದ ಒಂದು ಹನಿ ರೇಶಿಮೆಯ ಮೇಲೆ ಬಿತ್ತು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಒಂದು ದಿನವೂ ಯಾರೂ ಅಳಲಿಲ್ಲ ಎಂದು ಹೊಟ್ಟೆಯುರಿಯಿತು. ಹೌದು, ಹೊಟ್ಟೆಯುರಿಯೇ.

ಫೌಜದಾರರು ಬಾಗಿಲ ಹಿಂದಿನಿಂದ ಬಿಡಿಸಿಕೊಂಡು ಬಂದರು. "ಹಿಡೀರಿ ಇವನ್ನ! ಮಂದಿ ಮುಂದ ಕಬೂಲ ಮಾಡಾಕತ್ತಾನ!"

"ತಡೀರಿ!" ಡೆಪ್ಯುಟಿ ಸಾಹೇಬರು ಎದ್ದರು. ತಪಾಸಣೆಗೆ ಬಂದವರು ಒಂದಾದರೂ ಪ್ರಶ್ನೆ ಕೇಳದೆ ಹೋಗುವುದುಂಟೆ? ಇತಿಹಾಸದಲ್ಲಿ ಅವರು ಕೇಳುವ ಪ್ರಶ್ನೆಯೂ ಒಂದೇ. "ಮಾಸ್ತರ, ಈ ಲೂಟಿ ಯಾವ ಇಸವಿದು?"

ಹುಡುಗರೆಲ್ಲ ಮುಂದಕ್ಕೆ ಬಾಗಿದರು. ಗಂಟೆಗೆ ಇನ್ನೂ ಐದು ನಿಮಿಷ ಇತ್ತು. 'ಆದದ್ದು' ಎನ್ನಬೇಕು, ಇಲ್ಲವೆ 'ಆತು' ಎನ್ನಬೇಕು.

"ಸಾವಿರದಾ ಆರನೂರಾ ಎಪ್ಪತ್ಮೂರು" ಎಂದರು ಗುಡ್ಡಪ್ಪ ಮಾಸ್ತರರು. ಎಂದು ಬಾಯಿ ಮುಚ್ಚಿದರು.

ಕ್ರಿಯಾಪದವೇ ಇಲ್ಲ! ಸಂಖ್ಯೆಗೆ ಕಾಲವಿಲ್ಲ ಎಂಬುದು ಮೂವತ್ತು ವರ್ಷ ವ್ಯಾಕರಣ ಅರೆದು ಕುಡಿದ ನನಗೆ ಹೊಳೆದಿರಲಿಲ್ಲ. ಹುಡುಗರು ನಿಟ್ಟುಸಿರು ಬಿಟ್ಟರು. ಫೌಜದಾರರು ಬೆರಳು ಮಡಚಿ ಎಣಿಸಿ, ಎಣಿಸಿ, ಕೈ ಕೆಳಗೆ ಬಿಟ್ಟರು.

"ಮುಂಜಾನೇನ ಇಸವಿ ಹೇಳಾಕ ಏನಾಗಿತ್ತು ಮಾಸ್ತರ ನಿಮಗ?"

"ಯಾರೂ ಕೇಳವಲ್ರು ಸಾಹೇಬ್ರ. ಮೊದಲ ಇಸವಿ ಹೇಳೂದು, ಹುಡುಗರು ಮಲಗೂದು, ಎರಡೂ ಒಂದ."

ಮೊದಲು ನಕ್ಕವನು ಅಲ್ಲಾಸಾಬ. ಆಮೇಲೆ ಇಡೀ ಜವಳಿ ಸಾಲು ನಕ್ಕಿತು. ನಗದಿದ್ದವಳು ಬೀರವ್ವ ಒಬ್ಬಳೇ: "ಹಂಗಾರ ಲೂಟಿ ಇಲ್ಲೇನು? ಅಮ್ಮಿನಬಾವಿಯಿಂದ ಚೀಲಾ ಹೊತಗೊಂಡು ಬಂದೇನಲ್ಲೋ!"

ಡೆಪ್ಯುಟಿ ಸಾಹೇಬರು ತಪಾಸಣೆಯ ಅಭಿಪ್ರಾಯ ಬರೆಯುವ ಶೆರೆ ಪುಸ್ತಕ ತರಿಸಿ ಅಲ್ಲಿಯೇ ಬರೆದರು. ನಾನು ಹೆಗಲ ಮೇಲಿಂದ ಓದಿದೆ: "ಹಾಜರಿ: ವಿದ್ಯಾರ್ಥಿಗಳು ನಲವತ್ತೊಂದು, ವರ್ತಕರು ಇಪ್ಪತ್ತಾರು, ಪೊಲೀಸರು ಏಳು, ಅತ್ತೆ ಒಬ್ಬರು. ಎಲ್ಲರೂ ಎಚ್ಚರವಿದ್ದರು. ಈ ಮಾಸ್ತರರನ್ನು ಈ ಶಾಲೆಯಿಂದ ಕದಲಿಸಕೂಡದು." ಸಹಿ ಹಾಕಿ, ಪೆನ್ನು ಮುಚ್ಚಿ, ಸಹಜವಾಗಿ ಕೇಳಿದರು:

"ಪಾಠ ಮುಗೀತೇನ್ರಿ, ಮಾಸ್ತರ?"

ಹುಡುಗರ ಕಿವಿ ಮತ್ತೆ ನಿಮಿರಿದವು. ಮಾಸ್ತರರ ಹಣೆಯ ಮೇಲೆ ಬೆವರು ಮೂಡಿತು.

"ಮುಗಿಯಾಕತ್ತೈತ್ರಿ" ಎಂದರು.

ಢಣ್ ಎಂದು ನಾಲ್ಕರ ಗಂಟೆ ಹೊಡೆಯಿತು.

"ಮುಗೀತು!" ಗುಡ್ಡಪ್ಪ ಮಾಸ್ತರರು ಎರಡೂ ಕೈ ಎತ್ತಿ ಕೂ ಎಂದು ಕೂಗಿದರು. "ಮುಗೀತು, ಗೆದ್ದೆ, ಉಂಡೆ, ನಿನ್ನೆ ಮನ್ಯಾಗ ಇದ್ದೆ!" ಐದು ದಿನ ತಡೆದಿಟ್ಟ ಭೂತಕಾಲವೆಲ್ಲ ಒಮ್ಮೆಲೇ ಹೊರಬಂತು. ಬೀರವ್ವ ಇದೇ ಬಿಡುವ ಹೊತ್ತೆಂದು ತಿಳಿದು ಲಿಂಬೆಹಣ್ಣು ನಿವಾಳಿಸಿ ಒಗೆದಳು. ಅದು ಫೌಜದಾರರಿಗೆ ತಾಗಿತು.

ಪಂದ್ಯ ಮುಗಿದಿತ್ತು, ಗಂಟೆ ಹೊಡೆದಿತ್ತು, ಕಿಟಕಿ ತೆರೆಯಬಹುದಾಗಿತ್ತು. ನಲವತ್ತೊಂದರಲ್ಲಿ ಒಬ್ಬ ಹುಡುಗನೂ ಏಳಲಿಲ್ಲ. ನಾನು ಎಣಿಸಿದ್ದೇನೆ. ಅಲ್ಲಾಸಾಬ ಥಾನನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡು ಕೇಳಿದ:

"ಅದಿರಲಿ ಮಾಸ್ತರ. ಆ ನೇಕಾರಂದು ಮುಂದ ಏನಾತ್ರಿ?"

ಗುಡ್ಡಪ್ಪ ಮಾಸ್ತರರು ಸೀಮೆಸುಣ್ಣವನ್ನು ಮತ್ತೆ ಕೈಗೆತ್ತಿಕೊಂಡರು.

"ಏನಾತು ಅನಬ್ಯಾಡ್ರಿ ಕಾಕಾ" ಎಂದರು. "ಏನಾಗ್ತೈತಿ ಅನ್ರಿ. ಸೋಮವಾರ ಮೂರಕ್ಕ ಬರ್ರಿ."